ಬಿಟ್ಟುಹೋದ ಕೆ

ಫೋನಿನಲ್ಲಿ ಯಾರಾದರೂ ಹೆಸರು ಹೇಳಿದರೆ ನಾನು ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಧಾರವಾಡದಲ್ಲಿ ಬಿ.ಎಸ್ಸಿ. ಓದಿದ್ದು ಇಂಗ್ಲಿಷಿನಲ್ಲೇ ಆದರೂ ಅವಸರದಲ್ಲಿ ಕೈ ತಾನಾಗಿ ಹೋಗುವುದು ಆ ಅಕ್ಷರಗಳ ಕಡೆಗೆ. ಕಿವಿಗೆ ಬಿದ್ದದ್ದು ಬಿದ್ದ ಹಾಗೆ ಕಾಗದದ ಮೇಲೆ ಕೂರುತ್ತದೆ, ತಪ್ಪಾಗುವುದಿಲ್ಲ ಎಂಬ ನಂಬಿಕೆ. ಆ ನಂಬಿಕೆಯಿಂದಲೇ ೧೯೯೬ರ ಜೂನ್ ತಿಂಗಳಲ್ಲಿ ಒಬ್ಬ ಮನುಷ್ಯನ ಹೆಸರಿನ ಎರಡು ಅಕ್ಷರಗಳನ್ನು ನುಂಗಿಹಾಕಿದೆ.

ಆಗ ಫೋರ್ಟ್ ಮಿಲ್‌ನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇತ್ತು. ಷಾರ್ಲೆಟ್ ಇರುವುದು ಉತ್ತರ ಕ್ಯಾರೊಲೈನಾದಲ್ಲಿ. ಅದರ ಬೇಸ್‌ಬಾಲ್ ಮೈದಾನ ಮಾತ್ರ ಗಡಿ ದಾಟಿ ದಕ್ಷಿಣ ಕ್ಯಾರೊಲೈನಾದ ನಮ್ಮೂರಿನಲ್ಲಿ. ತಂಡದ ಸಾಮಾನು ನೋಡಿಕೊಳ್ಳುತ್ತಿದ್ದ ಮೆಲ್ವಿನ್ ಆಟಗಾರರ ಅಂಗಿಗಳನ್ನು ನನ್ನ ಹತ್ತಿರ ತರುತ್ತಿದ್ದ. ಬೆನ್ನಿನ ಹೆಸರನ್ನು ಅಂಗಿಗೆ ನೇರವಾಗಿ ಹೊಲಿಯುವುದಿಲ್ಲ. ಅಕ್ಷರಗಳನ್ನು ಒಂದು ಬಟ್ಟೆಯ ಪಟ್ಟಿಗೆ ಹೊಲಿದು, ಆ ಪಟ್ಟಿಯನ್ನು ಅಂಗಿಗೆ ಹೊಲಿಯಬೇಕು. ಆಟಗಾರನನ್ನು ಕಳಿಸಿದ ದಿನ ಪಟ್ಟಿಯಷ್ಟನ್ನು ಬಿಚ್ಚಿದರಾಯಿತು.

"ಹೊಲಿಗೆ ತುಂಬಾ ಗಟ್ಟಿ ಬೇಡ, ಮಿಸ್ ಬಾಸ್" ಎಂದು ಮೆಲ್ವಿನ್ ಮೊದಲ ದಿನವೇ ಹೇಳಿದ್ದ.

ನನ್ನ ಹೆಸರು ಶಿವಬಸಮ್ಮ. ಅದು ಅವನ ಬಾಯಲ್ಲಿ ಬಾಸ್ ಆಗಿತ್ತು. ನಮ್ಮ ಮನೆಯವರು ಗುರುಶಾಂತಪ್ಪ, ರಾಕ್ ಹಿಲ್‌ನ ಬಟ್ಟೆ ಮಿಲ್ಲಿನಲ್ಲಿ ಎಂಜಿನಿಯರಾಗಿ ಇಪ್ಪತ್ತಾರು ವರ್ಷ 'ಗ್ಯಾರಿ' ಎನ್ನಿಸಿಕೊಂಡು ನಿವೃತ್ತರಾದವರು. ಅದಕ್ಕೆ ಹೋಲಿಸಿದರೆ ನನಗೆ ಸಿಕ್ಕಿದ್ದು ಬಡ್ತಿಯೇ.

ಆ ದಿನ ಮೆಲ್ವಿನ್ ಫೋನ್ ಮಾಡಿ, "ಹೊಸ ರಿಲೀಫ್ ಪಿಚರ್ ಬಂದಿದ್ದಾನೆ. ವೇಡ್ ನ್ಯಾಪ್. ಅಂಗಿ ಕಳಿಸ್ತಾ ಇದ್ದೀನಿ, ಸಂಜೆ ಆಟಕ್ಕೆ ಬೇಕು" ಎಂದ. ನಾನು ಕ್ಯಾಲೆಂಡರಿನ ಅಂಚಿನಲ್ಲಿ 'ನ್ಯಾಪ್' ಎಂದು ಬರೆದುಕೊಂಡೆ. ಮಧ್ಯಾಹ್ನ ಅಕ್ಷರ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಕಳಿಸಿಯೂ ಬಿಟ್ಟೆ. ಎನ್, ಎ, ಪಿ.

ಮರುದಿನ ಬೆಳಿಗ್ಗೆ ಅದೇ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಒಬ್ಬ ಎತ್ತರದ ಮನುಷ್ಯ ಬಂದ. ವಯಸ್ಸು ಮೂವತ್ತೆರಡೋ ಮೂವತ್ತಮೂರೋ ಇರಬಹುದು. ಒಳಗೆ ಬರುವ ಮೊದಲು ಹೊರಗಿನ ಚಾಪೆಗೆ ಬೂಟುಗಳನ್ನು ಎರಡೆರಡು ಸಲ ಒರೆಸಿದ.

"ನಾನು ವೇಡ್ ನ್ಯಾಪ್, ಮ್ಯಾಮ್. ಇದನ್ನ ಹೊಲಿದೋರು ನೀವೇನಾ?"

"ಹೌದು. ಯಾಕೆ, ಬಿಗಿ ಆಯ್ತಾ?"

"ಇಲ್ಲ ಇಲ್ಲ. ನನ್ನ ಹೆಸರು ಶುರುವಾಗೋದು ಕೆ ಇಂದ. ಕೆ-ಎನ್-ಎ-ಪಿ-ಪಿ. ನೀವು ಹೊಲಿದಿರೋದು ಮಧ್ಯಾಹ್ನದ ನಿದ್ದೆ."

ನನ್ನ ಕಿವಿಯವರೆಗೂ ಬಿಸಿಯಾಯಿತು. ಅವನು ಮಾತ್ರ ನಗುತ್ತಲೇ ಹೇಳುತ್ತಿದ್ದ.

"ರಿಲೀಫ್ ಪಿಚರ್ ಕೆಲಸ ಏನು ಗೊತ್ತಾ? ಮೊದಲು ಎಸೆಯೋನು ಸುಸ್ತಾದಾಗ ಹೋಗಿ ಎಸೆಯೋದು. ಕರೆಯೋ ತನಕ ಬೇಲಿ ಹತ್ರ ಬೆಂಚ್ ಮೇಲೆ ಕೂತಿರೋದು. ಬೆನ್ನ ಮೇಲೆ ನಿದ್ದೆ ಅಂತ ಬರ್ಕೊಂಡು ಕೂತಿದ್ದೆ. ಇಡೀ ಬೆಂಚು ಗೊರಕೆ ಹೊಡೀತು. ಒಬ್ಬನಂತೂ ದಿಂಬು ತಂದ್ಕೊಟ್ಟ."

"ಅಯ್ಯೋ, ತಪ್ಪಾಯ್ತಪ್ಪ. ಕೊಡು, ಈಗಲೇ ಬಿಚ್ಚಿ ಸರಿ ಮಾಡ್ತೀನಿ."

ನಾನು ಕತ್ತರಿ ಎತ್ತಿದ ಕೂಡಲೇ ಅವನು ಅಂಗಿಯನ್ನು ಎದೆಗೆ ಒತ್ತಿಕೊಂಡ. "ಬೇಡ, ಮುಟ್ಬೇಡಿ! ನಿನ್ನೆ ಮೂರು ಜನಕ್ಕೆ ಎಸೆದೆ. ಮೂರೂ ಕೆ!"

ಬ್ಯಾಟ್ ಹಿಡಿದವನು ಚೆಂಡನ್ನು ಹೊಡೆಯಲಾಗದೆ ಮೂರು ಅವಕಾಶ ಕಳೆದುಕೊಂಡು ಔಟಾದರೆ ಸ್ಕೋರ್ ಹಾಳೆಯಲ್ಲಿ ಕೆ ಎಂದು ಬರೆಯುತ್ತಾರಂತೆ. ಪಿಚರ್‌ಗೆ ಅದಕ್ಕಿಂತ ದೊಡ್ಡ ಅಕ್ಷರವಿಲ್ಲ ಎಂದು ಅವನೇ ವಿವರಿಸಿದ.

"ನೀವು ನನ್ನ ಬೆನ್ನಿಂದ ಒಂದು ಕೆ ತೆಗೆದ್ರಿ, ಮೈದಾನದಲ್ಲಿ ಮೂರು ಸಿಕ್ಕಿದ್ವು. ಸರಿ ಮಾಡಿ ಅಂತ ಮೆಲ್ವಿನ್ ಹೇಳ್ತಾನೆ. ಮಾಡ್ಬೇಡಿ. ಅದನ್ನ ಹೇಳೋಕೇ ಬಂದೆ, ಮಿಸ್ ಬಾಸ್."

ನಾನು ಚಹಾ ಮಾಡಿಕೊಟ್ಟೆ. ಶುಂಠಿ ಹಾಕಿದ ಚಹಾವನ್ನು ಮೊದಲ ಸಲ ಕುಡಿಯುತ್ತಿದ್ದವನು ಕೆಮ್ಮಿದ. ಆದರೂ ಲೋಟ ಪೂರ್ತಿ ಖಾಲಿ ಮಾಡಿ, ತಾನೇ ತೊಳೆದಿಟ್ಟ. ಹನ್ನೊಂದು ವರ್ಷದಿಂದ ಹೀಗೆ ಎಸೆಯುತ್ತಿದ್ದಾನೆ, ಎಂಟು ತಂಡ ಆಗಿವೆ. ಗ್ರೀನ್‌ವಿಲ್, ಡರಮ್, ವಾಷಿಂಗ್ಟನ್ ಹತ್ತಿರದ ವುಡ್‌ಬ್ರಿಜ್. ಎಲ್ಲವೂ ಕೆಳಗಿನ ಮೆಟ್ಟಿಲುಗಳೇ. ಈಗಿನ ಷಾರ್ಲೆಟ್ ತಂಡದ ಮೇಲಿರುವುದು ದೊಡ್ಡ ಲೀಗ್ ಒಂದೇ. ಅಲ್ಲಿ ಅವನು ಒಂದು ದಿನವೂ ಆಡಿರಲಿಲ್ಲ.

ವುಡ್‌ಬ್ರಿಜ್ ಎಂದಾಗ ನಮ್ಮ ಮಗಳು ಶ್ರೀದೇವಿ ಅದೇ ಕಡೆ ಸ್ಟರ್ಲಿಂಗ್‌ನಲ್ಲಿ ಇರುವುದನ್ನು ಹೇಳಿದೆ.

"ಸ್ಟರ್ಲಿಂಗಾ? ಅಲ್ಲೇ ನಮ್ಮ ಬಸ್ ಕೆಟ್ಟು ನಿಂತಿದ್ದು. ರಸ್ತೆ ಆಚೆ ಮನೆಯ ಹೆಂಗಸು ಇಪ್ಪತ್ತೈದು ಜನಕ್ಕೆ ಸ್ಯಾಂಡ್‌ವಿಚ್ ಮಾಡಿ ತಂದ್ರು. ಬ್ರೆಡ್ ಮುಗಿದಾಗ ಪಕ್ಕದ ಮನೆಯಿಂದ ಕೇಳಿ ತಂದ್ರು."

ಊರುಗಳು ಅವನಿಗೆ ಹೀಗೇ ನೆನಪಿದ್ದವು. ಎಲ್ಲಿ ಗೆದ್ದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ, ಎಲ್ಲಿ ಯಾರು ಊಟ ಹಾಕಿದರು ಎಂದು ಹೇಳಿದ.

ಹೊರಡುವಾಗ ಬಾಗಿಲಲ್ಲಿ ನಿಂತು, "ಇದು ಕೊನೇ ಬೇಸಿಗೆ ಅಂತ ಹೆಂಡತಿಗೂ ಮಗಳಿಗೂ ಮಾತು ಕೊಟ್ಟಿದ್ದೀನಿ" ಎಂದ. "ಸೆಪ್ಟೆಂಬರ್ ಬಂದ್ರೆ ಗ್ಯಾಸ್ಟೋನಿಯಾದಲ್ಲಿ ಮಾವನ ಜೊತೆ ಸೂರು ರಿಪೇರಿ ಕೆಲಸ. ಅದಕ್ಕೇನೂ ಬೇಜಾರಿಲ್ಲ. ಅಷ್ಟರೊಳಗೆ ಒಂದೇ ಒಂದು ಸಲ ಮೇಲೆ ಕರೆದು, ಒಬ್ಬನೇ ಒಬ್ಬನಿಗೆ ಎಸೆಯೋಕೆ ಬಿಟ್ರೆ ಸಾಕು."

ಅವನು ಹೋದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಗಾಢ ನೀಲಿ ಬಟ್ಟೆಯಲ್ಲಿ ಒಂದು ಕೆ ಕತ್ತರಿಸಿ, ಅಂಚು ಕಟ್ಟಿ, ಗುಂಡಿಗಳ ಡಬ್ಬಿಯಲ್ಲಿ ಇಟ್ಟೆ. ಯಾವತ್ತಾದರೂ ಅವನು ಮನಸ್ಸು ಬದಲಿಸಿದರೆ ಬೇಕಾಗುತ್ತದೆ ಎಂದುಕೊಂಡೆ.

ನಮ್ಮ ಮನೆಯವರಿಗೆ ಆ ಬೇಸಿಗೆ ಒಂದು ಉದ್ಯೋಗ ಸಿಕ್ಕಿತು. ಹುಬ್ಬಳ್ಳಿಯ ಕಾಲದ ಕ್ರಿಕೆಟ್ ಪ್ರೀತಿಯನ್ನೆಲ್ಲ ಕಟ್ಟಿಕೊಂಡು ಮೈದಾನಕ್ಕೆ ಹೋಗಿ, ನೋಟ್‌ಬುಕ್ಕಿನಲ್ಲಿ ಸ್ಕೋರ್ ಬರೆದುಕೊಂಡು ಬರತೊಡಗಿದರು. ನಾಷ್ಟಾ ಹೊತ್ತಿಗೆ ನನಗೆ ವರದಿ.

"ನಿನ್ನ ನಿದ್ದಿಗಣ್ಣಪ್ಪ ಇಬ್ಬರನ್ನ ಮಲಗಿಸಿದ ನೋಡು!"

"ನಿದ್ದಿಗಣ್ಣ ಅನಬ್ಯಾಡ್ರೀ. ತಪ್ಪು ನಂದು."

"ತಪ್ಪು ನಿಂದು, ಹೆಸರು ಅವಂದು. ಮಂದಿ ಅವನ್ನ ನೋಡಿ ಆಕಳಿಸ್ತಾರ, ಅವಾ ಟೊಪ್ಪಿಗಿ ಎತ್ತಿ ಕೈ ಮುಗೀತಾನ. ಭಾಳ ಚಲೋ ಮನಷ್ಯಾ."

ಜುಲೈ ಚೆನ್ನಾಗಿ ಹೋಯಿತು. ಆಗಸ್ಟಿನಲ್ಲಿ ಎರಡು ಸಲ ಅವನ ಚೆಂಡುಗಳನ್ನು ಬೇಲಿಯಾಚೆಗೆ ಹೊಡೆದರು. ಆ ವಾರ ಅವನಿಗಿಂತ ಹತ್ತು ವರ್ಷ ಚಿಕ್ಕವರಾದ ಇಬ್ಬರು ಪಿಚರ್‌ಗಳು ಮೇಲಿನ ತಂಡಕ್ಕೆ ಹೋದರು. ಅವರ ಪಟ್ಟಿಗಳನ್ನು ನಾನೇ ಬಿಚ್ಚಿದೆ. ವೇಡ್ ಒಂದು ಮಧ್ಯಾಹ್ನ ಬಂದು ಅಂಗಿಯನ್ನು ಮೇಜಿನ ಮೇಲಿಟ್ಟ. ಪಟ್ಟಿಯ ಒಂದು ಮೂಲೆ ಕಿತ್ತು ಬಂದಿತ್ತು.

"ತಾನಾಗೇ ಬಿಚ್ಕೊಳ್ತಾ ಇದೆ, ಮಿಸ್ ಬಾಸ್. ಮುಂದಿನ ವಾರ ಹೇಗೂ ಬಿಚ್ಚೋದೇ. ಒಂದೆರಡು ಹೊಲಿಗೆ ಹಾಕಿದ್ರೆ ಸಾಕು."

ನಾನು ಸುತ್ತಲೂ ಎರಡು ಸಾಲು ಹಾಕಿದೆ. "ಮೆಲ್ವಿನ್‌ಗೆ ಹೇಳಬೇಡ" ಎಂದೆ.

ಅವನು ಬೆರಳಿನಿಂದ ಹೊಲಿಗೆಯನ್ನು ಸವರಿ ನೋಡಿದ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಒಂದು ಬುಟ್ಟಿ ಪೀಚ್ ಹಣ್ಣು ಇತ್ತು.

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಅಂಗಡಿ ತೆಗೆಯುವಷ್ಟರಲ್ಲಿ ಮೆಲ್ವಿನ್‌ನ ವ್ಯಾನ್ ಎದುರಿಗೆ ಬಂದು ನಿಂತಿತು. ಮೆಲ್ವಿನ್ ಇಳಿದ, ಹಿಂದೆಯೇ ವೇಡ್. ವೇಡ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ.

"ದೊಡ್ಡ ತಂಡ ಅಟ್ಲಾಂಟಾದಲ್ಲಿ ಆಡ್ತಾ ಇದೆ" ಎಂದು ಮೆಲ್ವಿನ್ ಒಂದೇ ಉಸಿರಿಗೆ ಹೇಳಿದ. "ಅವರ ಒಬ್ಬ ಪಿಚರ್‌ಗೆ ಮೊಣಕೈ ನೋವು. ಇವನನ್ನ ಕರೆದಿದ್ದಾರೆ. ನಾಳೆ ಮಧ್ಯಾಹ್ನ ಆಟ, ನಾಲ್ಕು ಗಂಟೆ ದಾರಿ. ಅಲ್ಲಿ ಇವನ ಅಳತೆಯ ಅಂಗಿ ಇಲ್ವಂತೆ. ನನ್ನ ಪೆಟ್ಟಿಗೆಯಲ್ಲಿ ಅವರದೊಂದು ಇತ್ತು. ನಂಬರ್ ಇದೆ, ಹೆಸರು ಹಾಕ್ಬೇಕು."

ಬೂದು ಬಣ್ಣದ ಅಂಗಿ. ಕೈಗೆ ತೆಗೆದುಕೊಂಡಾಗಲೇ ಬಟ್ಟೆಯ ತೂಕ ಬೇರೆ ಎಂದು ಗೊತ್ತಾಯಿತು.

"ಎನ್-ಎ-ಪಿ" ಎಂದ ವೇಡ್. "ಮೊದಲಿನ ಹಾಗೇ."

"ತಲೆ ಕೆಟ್ಟಿದೆಯೇನೋ ನಿನಗೆ?" ಮೆಲ್ವಿನ್ ಕೂಗಿದ. "ಟಿವಿಯಲ್ಲಿ ಬರುತ್ತೆ! ಇಡೀ ದೇಶ ನೋಡುತ್ತೆ!"

"ಹನ್ನೊಂದು ವರ್ಷ ಕೆ ಇಟ್ಕೊಂಡು ಎಸೆದೆ, ಯಾರೂ ಕರೀಲಿಲ್ಲ. ಮೂರು ತಿಂಗಳು ಕೆ ಇಲ್ದೆ ಎಸೆದೆ, ಕರೆದ್ರು. ಈಗ ಬದಲಾಯಿಸಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ತಪ್ಪು ಮಾಡಿದವಳು ನಾನಾದ್ದರಿಂದ ತೀರ್ಪೂ ನನ್ನದೇ ಎಂಬಂತೆ.

"ನಿನ್ನ ಮಗಳು ಎಷ್ಟನೇ ಕ್ಲಾಸು?" ಎಂದು ಕೇಳಿದೆ.

"ಎರಡನೇ ಕ್ಲಾಸು."

"ಹೆಸರು ಬರೆಯೋಕೆ ಬರುತ್ತಾ?"

"ಬರುತ್ತೆ. ಕೆ ಮಾತ್ರ ತಿರುಗಿಸಿ ಬರೀತಾಳೆ."

"ನಾಳೆ ಟಿವಿ ಮುಂದೆ ಕೂತು ಅವಳು ಹುಡುಕೋದು ಯಾವ ಹೆಸರು?"

ವೇಡ್ ತಲೆ ತಗ್ಗಿಸಿದ. ಮೆಲ್ಲಗೆ, "ಕೆ ಬೆನ್ನ ಮೇಲೇ ಉಳಿದು, ಮೈದಾನದಲ್ಲಿ ಸಿಗದೇ ಹೋದ್ರೆ?" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿ ಹೆದರಿದ್ದ.

ನಾನು ಗುಂಡಿಗಳ ಡಬ್ಬಿ ತೆಗೆದು ಆ ನೀಲಿ ಕೆಯನ್ನು ಅವನ ಅಂಗೈಯಲ್ಲಿಟ್ಟೆ.

"ನೀನು ಮೊದಲು ಬಂದ ದಿನವೇ ಕತ್ತರಿಸಿದ್ದು. ಜೂನ್‌ನಿಂದ ಡಬ್ಬಿಯಲ್ಲಿ ಕೂತಿದೆ. ನಿನ್ನ ಹಾಗೇ, ಯಾವಾಗ ಕರೀತಾರೆ ಅಂತ."

ವೇಡ್ ಅದನ್ನು ನೋಡುತ್ತಲೇ ನಿಂತ. ಆಮೇಲೆ ನಗು ಬಂತು, ನಗುವಿನ ಜೊತೆಗೆ ಬಣ್ಣವೂ ಮುಖಕ್ಕೆ ವಾಪಸು ಬಂತು. "ಹಾಗಾದ್ರೆ ಅದಕ್ಕೂ ಒಂದು ಅವಕಾಶ ಕೊಡೋಣ" ಎಂದ.

ಉಳಿದ ನಾಲ್ಕು ಅಕ್ಷರಗಳನ್ನು ದೊಡ್ಡ ತಂಡದ ಅಳತೆಗೆ ಕತ್ತರಿಸಿದೆ. ಬಣ್ಣ ಒಂದೇ ಆದರೂ ಅಳತೆ ಒಂದೇ ಅಲ್ಲ. ಹಳೆಯ ಕೆ ಒಂದು ಕಾಳಿನಷ್ಟು ಹೆಚ್ಚು ಎತ್ತರ. ಹೊಸದು ಕತ್ತರಿಸಲೇ ಎಂದು ಕೇಳಲು ಬಾಯಿ ತೆರೆದವಳು ಅದನ್ನೇ ಪಟ್ಟಿಗೆ ಹೊಲಿದೆ. ಪಟ್ಟಿಯನ್ನು ಅಂಗಿಗೆ ಜೋಡಿಸುವ ಹೊತ್ತಿಗೆ ಮೆಲ್ವಿನ್ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ.

"ಇದನ್ನ ಗಟ್ಟಿಯಾಗೇ ಹೊಲೀರಿ, ಮಿಸ್ ಬಾಸ್."

ಮೂರು ವರ್ಷಗಳಲ್ಲಿ ಅವನು ಹಾಗೆ ಹೇಳಿದ್ದು ಅದೊಂದೇ ಸಲ.

ಭಾನುವಾರ ಮಧ್ಯಾಹ್ನ ಊಟದ ತಟ್ಟೆಗಳನ್ನು ತೊಳೆಯದೆ ಟಿವಿ ಮುಂದೆ ಕುಳಿತೆವು. ನಮ್ಮವರ ತೊಡೆಯ ಮೇಲೆ ನೋಟ್‌ಬುಕ್ಕು. ಸ್ಟರ್ಲಿಂಗ್‌ನಲ್ಲಿ ಶ್ರೀದೇವಿಯೂ ಅದೇ ಚಾನೆಲ್ ಹಾಕಿಕೊಂಡು ಫೋನ್ ಹಿಡಿದಿದ್ದಳು. ಆರು ಇನ್ನಿಂಗ್ಸ್ ಮುಗಿದರೂ ವೇಡ್‌ನ ಸುಳಿವಿಲ್ಲ. ಏಳನೆಯದರಲ್ಲಿ ಇಬ್ಬರು ಔಟಾದ ಮೇಲೆ ಕೋಚ್ ನಡೆದುಕೊಂಡು ಮೈದಾನದ ನಡುವಿಗೆ ಬಂದು ಕೈ ಎತ್ತಿದ. ದೂರದ ಬೇಲಿಯ ಬಾಗಿಲು ತೆರೆಯಿತು. ಬೂದು ಅಂಗಿಯ ಎತ್ತರದ ಮನುಷ್ಯನೊಬ್ಬ ಓಡುತ್ತಾ ಬಂದ.

ಬೇಸ್‌ಬಾಲಿನ ಕ್ಯಾಮೆರಾ ಪಿಚರ್‌ನ ಹಿಂದೆ ಇರುತ್ತದೆ. ಹಾಗಾಗಿ ನಮಗೆ ಕಂಡದ್ದು ಅವನ ಬೆನ್ನು.

"ಅವ್ವಾ, ಹೆಸರು ಕ್ಲಿಯರ್ ಕಾಣಾಕತ್ತದ!" ಶ್ರೀದೇವಿ ಫೋನಿನಲ್ಲಿ ಕಿರುಚಿದಳು. "ಆದ್ರ ಕೆ ಯಾಕ ಒಂದೀಟು ಟಾಲ್ ಅದ?"

"ಇರ್ಲಿ ಬಿಡು, ಅದರದೊಂದು ಕಥಿ ಅದ" ಎಂದೆ.

ಮೊದಲನೆಯವನಿಗೆ ಎಸೆದ ಚೆಂಡುಗಳು ಒಂದೂ ಸರಿಯಾದ ಜಾಗಕ್ಕೆ ಬೀಳಲಿಲ್ಲ. ನಾಲ್ಕು ತಪ್ಪು ಚೆಂಡಾದರೆ ಬ್ಯಾಟ್ಸ್‌ಮನ್ ಪುಕ್ಕಟೆ ಒಂದು ಬೇಸ್ ನಡೆದುಕೊಂಡು ಹೋಗುತ್ತಾನೆ. ಹಾಗೇ ಹೋದ.

"ವೈಡ್ ಮ್ಯಾಲ ವೈಡ್ ಒಗ್ಯಾಕತ್ಯಾನಲ್ಲೋ!" ನಮ್ಮವರು ಪೆನ್ನು ಕೆಳಗಿಟ್ಟರು.

ಮುಂದಿನವನು ಭಾರಿ ಆಳು. ಜನ ಎದ್ದು ನಿಂತು ಕೂಗುತ್ತಿದ್ದರು. ವೇಡ್ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ. ಆಮೇಲೆ ಎಡಗೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ಬೆರಳ ತುದಿಯಿಂದ ಪಟ್ಟಿಯ ಮೊದಲ ಅಕ್ಷರವನ್ನು ಮುಟ್ಟಿದ. ಅಂಗಡಿಯಲ್ಲಿ ಹೊಲಿಗೆ ಸವರಿ ನೋಡಿದ್ದನಲ್ಲ, ಹಾಗೆಯೇ.

ಒಂದು ಚೆಂಡು ಬ್ಯಾಟಿನ ಕೆಳಗೆ ಹೋಯಿತು. ಇನ್ನೊಂದನ್ನು ಆ ಆಳು ಗೆರೆಯಾಚೆಗೆ ಹೊಡೆದ, ಅದೂ ಒಂದು ಅವಕಾಶ ಕಳೆದಂತೆಯೇ. ಮೂರನೆಯದು ನೇರವಾಗಿ ಬಂದಂತೆ ಕಂಡು ಕೊನೆಗೆ ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಬ್ಯಾಟು ಗಾಳಿಯನ್ನಷ್ಟೇ ಹೊಡೆಯಿತು.

ಅಟ್ಲಾಂಟಾದ ಜನ ಸುಮ್ಮನಾದರು. ನಮ್ಮ ಮನೆಯಲ್ಲಿ ಮಾತ್ರ ಗದ್ದಲ. ಶ್ರೀದೇವಿ ಫೋನಿನಲ್ಲಿ ಏನೇನೋ ಕೂಗುತ್ತಿದ್ದಳು. ನಮ್ಮವರು ಕೆಳಗಿಟ್ಟಿದ್ದ ಪೆನ್ನನ್ನು ಹುಡುಕಿ, ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದರು. ಬಗ್ಗಿ ನೋಡಿದೆ. ಅವಸರದಲ್ಲಿ ಅವರ ಕೈಯೂ ನನ್ನ ಕೈಯಂತೆಯೇ. ಬರೆದಿದ್ದು ಕನ್ನಡದ 'ಕೆ'.

ವೇಡ್ ಅಲ್ಲಿ ಇದ್ದದ್ದು ಹನ್ನೊಂದು ದಿನ. ಇನ್ನೂ ಎರಡು ಆಟಗಳಲ್ಲಿ ಎಸೆದ. ಆಮೇಲೆ ಮಾತು ಕೊಟ್ಟ ಹಾಗೆ ಗ್ಯಾಸ್ಟೋನಿಯಾಕ್ಕೆ ಹೋದ. ಸೂರು ರಿಪೇರಿಯ ಜೊತೆಗೆ ಸಂಜೆ ಹೊತ್ತು ಊರಿನ ಹುಡುಗಿಯರಿಗೆ ಎಸೆಯುವುದನ್ನು ಕಲಿಸುತ್ತಾನೆ. ಅವರ ಅಂಗಿಗಳು ನನ್ನ ಹತ್ತಿರವೇ ಬರುತ್ತವೆ, ಹೆಸರುಗಳನ್ನು ಮಾತ್ರ ಅವನೇ ಕಾಗದದಲ್ಲಿ ಬರೆದು ಕಳಿಸುತ್ತಾನೆ.

ಆದರೆ ನಾನು ಹೇಳಬೇಕೆಂದಿದ್ದು ಆಟದ ಮರುದಿನದ ಮಾತು. ಸೋಮವಾರ ಅಂಗಡಿ ತೆಗೆದಾಗ ಆನ್ಸರಿಂಗ್ ಮೆಷಿನ್ನಿನ ದೀಪ ಮಿನುಗುತ್ತಿತ್ತು. ಒತ್ತಿದೆ. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಒಂದೊಂದೇ ಅಕ್ಷರವನ್ನು ಎಚ್ಚರಿಕೆಯಿಂದ ಕೆಳಗಿಡುವಂತೆ ವೇಡ್‌ನ ದನಿ: "ಶಿ-ವ-ಬ-ಸ-ಮ್ಮ. ಥ್ಯಾಂಕ್ ಯೂ."

ಮನೆಗೆ ಹೋಗಿ ಕೇಳಿದೆ, "ಅವಂಗ ಯಾರು ಕಲಿಸಿದ್ರು ಅದನ್ನ?"

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. "ಜುಲೈದಾಗ ಒಂದಿನ ಮೈದಾನದಾಗ ಕೇಳಿದ್ದ. ಬರದು ಕೊಟ್ಟಿದ್ದೆ."

ಒಂದಕ್ಷರವನ್ನೂ ಅವನು ಬಿಟ್ಟಿರಲಿಲ್ಲ.