ನಾಲ್ಕನೆಯ ಕಾಲಂ

ಬಗ್ಗಿಹೋದ ಕಂಬಿಯನ್ನು ವಿಭಾಗದ ಮುಖ್ಯಸ್ಥರು ತಮ್ಮ ಮೇಜಿನ ಮೇಲೆ, ಕಾಫಿ ಲೋಟದ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಆಸ್ಪತ್ರೆಯ ಮಂಚದ ಬದಿಯ ಕಂಬಿ ಅದು. ಲಿಫ್ಟು ತಯಾರಿಸುವ ಆ ಕಂಪನಿಯ ಪರೀಕ್ಷಾ ಗೋಪುರದಲ್ಲಿ ಮರಳಿನ ಚೀಲಗಳನ್ನು ರೋಗಿಯಂತೆ ಮಲಗಿಸಿದ್ದ ಮಂಚವನ್ನು ಲಿಫ್ಟಿನೊಳಕ್ಕೆ ತಳ್ಳುವಾಗ, ಅದು ಅರ್ಧ ಒಳಗೆ ಅರ್ಧ ಹೊರಗೆ ಇದ್ದಂತೆಯೇ ಬಾಗಿಲು ಮುಚ್ಚಿಕೊಂಡಿತ್ತು. ಬಾಗಿಲು ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನಷ್ಟೇ ಅಳೆಯುವ ಪರೀಕ್ಷೆಯಾದ್ದರಿಂದ, ಅಡ್ಡ ಬಂದದ್ದನ್ನು ಗುರುತಿಸುವ ಸೆನ್ಸರನ್ನು ಬೇಕೆಂದೇ ಆರಿಸಿದ್ದರು.

"ಮರಳಾಗಿದ್ದಕ್ಕೆ ನಾವೆಲ್ಲ ಬಚಾವು," ಎಂದು ಮುಖ್ಯಸ್ಥರು ಒಂದು ಹಾಳೆಯನ್ನು ಎದುರು ಕೂತಿದ್ದ ಅವಳತ್ತ ಸರಿಸಿದರು. "ಸಣ್ಣ ವರದಿ ಮೇಡಂ. ಸೂಚಿ ನೋಡ್ಕೊಳ್ಳೋರು ನೀವು, ಟೂಲುಗಳೆಲ್ಲ ಸರಿಯಾಗೇ ಇದ್ವು ಅಂತ ಒಂದು ಸಹಿ ಬೇಕು."

ಕಾರಣ ಎಂಬ ಕಡೆ 'ಮಾನವ ದೋಷ' ಎಂದಿತ್ತು.

"ಯಾವ ಮಾನವ, ಸಾರ್?"

"ಗೊತ್ತಿರೋದನ್ನೇ ಕೇಳ್ತೀರಲ್ಲ. ಸಾಮಾನ್ಯ ಲಿಫ್ಟಿನ ಸಮಯ ಕಡಿಮೆ ಮಾಡು ಅಂದ್ರೆ ಮಂಚದ ಲಿಫ್ಟಿಂದು ಕಡಿಮೆ ಮಾಡಿದ್ದಾನೆ. ಎರಡೂ ಒಂದರ ಕೆಳಗೊಂದು ಇರೋದು. ಕಣ್ಣಿಗೆ ಕಂಡಿದ್ರೆ ಆಗ್ತಿತ್ತಾ?"

ಹಾಳೆಯ ಕೊನೆಯಲ್ಲಿ ಶಿಫಾರಸು ಇತ್ತು: ಸದರಿ ನೌಕರರನ್ನು ಸಾಫ್ಟ್‌ವೇರ್ ಕೋಡಿನ ಕೆಲಸದಿಂದ ಬಿಡಿಸಿ ದೂರವಾಣಿ ದೂರು ವಿಭಾಗಕ್ಕೆ ಕಳಿಸುವುದು.

"ಅವನ ಒಳ್ಳೇದಕ್ಕೇ ಹೇಳ್ತಿರೋದು. ಮಾತು ಚೆನ್ನಾಗಿದೆ, ಕಿವಿ ಚುರುಕು," ಎಂದರು ಅವರು. "ನಿಮಗೆ ಸಂಕಟ ಆಗುತ್ತೆ. ಒಡಹುಟ್ಟಿದ ತಮ್ಮ. ಕರುಳು ಕೇಳಬೇಕಲ್ಲ."

ಅವಳಿಗೆ ಕಿವಿ ಬಿಸಿಯಾಯಿತು. ಅವರು ಆಡಿದ ಮಾತಿನಲ್ಲಿ ಎದುರು ಹೇಳಲಿಕ್ಕೆ ಏನೂ ಇರಲಿಲ್ಲ, ಎಲ್ಲವೂ ಕನಿಕರವೇ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. ಅವಳ ತಮ್ಮನೇ ಈ ಕೆಲಸಕ್ಕೆ ಅವಳಿಗಿಂತ ಮೊದಲು ಸೇರಿದ್ದವನು. ಆಫೀಸಿನಲ್ಲಿ ಯಾರೂ ಬೆರಳು ತೋರಿಸಬಾರದೆಂದು ಅವನು ಇಲ್ಲಿ ಎಲ್ಲರೆದುರು ಅವಳನ್ನು ಒಮ್ಮೆಯೂ ಅಕ್ಕ ಎಂದವನಲ್ಲ, ಮೇಡಂ ಎಂದೇ ಕರೆಯುತ್ತಿದ್ದ.

"ಓದಿ ಸಹಿ ಮಾಡ್ತೀನಿ," ಎಂದು ಹಾಳೆಯನ್ನು ಎತ್ತಿಕೊಂಡು ಹೊರಗೆ ಬಂದಳು.

ತಮ್ಮನ ಜಾಗ ಕಿಟಕಿಯಿಂದ ದೂರದ ಮೂಲೆಯಲ್ಲಿತ್ತು. ಬೆಳಕು ತನಗೆ ದಂಡ, ಬೇಕಾದವರು ಕೂರಲಿ ಎಂದು ಅವನೇ ಬಿಟ್ಟುಕೊಟ್ಟಿದ್ದ. ಪರದೆಯ ಮೇಲಿದ್ದುದನ್ನು ಓದಿ ಹೇಳುವ ದನಿ ಅವನ ಇಯರ್‌ಫೋನಿನಲ್ಲಿ ಎಷ್ಟು ವೇಗವಾಗಿ ಓಡುತ್ತಿತ್ತೆಂದರೆ, ಪಕ್ಕದವರಿಗೆ ಅದು ಹಳಿಯ ಮೇಲಿನ ಗಡಗಡದಂತೆ ಕೇಳುತ್ತಿತ್ತು. ಹಾಗಾಗಿ ಇಡೀ ಹಾಲಿಗೆ ಅವನು 'ರೈಲು'.

"ನಿನ್ನ ಹೆಜ್ಜೆ ಸಪ್ಪಳಾನೇ ಸಿಟ್ಟಾಗಿದೆ," ಎಂದ, ತಿರುಗದೆ. "ದೂರು ವಿಭಾಗ ತಾನೆ? ಬೆಳಗ್ಗೆನೇ ಸುದ್ದಿ ಬಂತು. ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರಿಗೆ ಫೋನಲ್ಲಿ ಧೈರ್ಯ ಹೇಳೋದು. ಗಾಬರಿ ಆಗಬೇಡಿ, ಕತ್ತಲು ಅಭ್ಯಾಸ ಆಗುತ್ತೆ ಅಂತ."

"ತಮಾಷೆ ಸಾಕು. ಅವತ್ತು ಏನಾಯ್ತು ಹೇಳು."

ಅವನು ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. "ಸಾಮಾನ್ಯ ಲಿಫ್ಟು, ಕಾಯುವ ಸಮಯ ಅಂತ ಸೂಚಿಗೆ ಕೇಳ್ದೆ. ಕರ್ಕೊಂಡು ಹೋಯ್ತು. ಕಾಯುವ ಸಮಯ ಅಂತ ಓದ್ತು. ಬದಲಾಯಿಸ್ದೆ. ಮೊದಲಿಂದ ಹೀಗೇ ತಾನೇ ಮಾಡ್ತಿರೋದು? ಇನ್ನೂ ಏನು ಮಾಡ್ಬೇಕಿತ್ತು, ಬಾಗಿಲು ತಟ್ಟಿ ಇದು ಯಾರ ಮನೆ ಅಂತ ಕೇಳ್ಬೇಕಿತ್ತಾ?"

ಅವಳು ಅವನ ಹಿಂದಿನ ಕುರ್ಚಿಯನ್ನು ಎಳೆದುಕೊಂಡು, ಅವನ ಕಂಪ್ಯೂಟರಿನ ಬ್ಯಾಕಪ್ಪಿನಿಂದ ಆ ದಿನದ ಸೂಚಿಯನ್ನು ತೆರೆದಳು.

ಸೂಚಿ ಎಂದರೆ ದೊಡ್ಡ ಕೋಡಿನಲ್ಲಿ ಯಾವ ಹೆಸರು ಎಲ್ಲಿದೆ ಎಂದು ತೋರಿಸುವ ಫೈಲು. ಹೆಸರು ಕೇಳಿದರೆ ನೇರ ಆ ಸಾಲಿಗೆ ಜಿಗಿಯಬಹುದು. ಅದನ್ನು ಬರೆಯುವ ಹಳೆಯ ಟೂಲನ್ನು ಅವಳೇ ಬಹಳ ಕಾಲದಿಂದ ದುರಸ್ತಿ ಮಾಡುತ್ತ ಬಂದಿದ್ದಳು. ಅದು ಮೂರು ಕಾಲಂ ಬರೆಯುತ್ತಿತ್ತು: ಹೆಸರು, ಫೈಲು, ಸಾಲಿನ ಸಂಖ್ಯೆ. ಒಂದು ಸಲ ತಮ್ಮ, "ಸಂಖ್ಯೆ ನಂಬ್ಕೊಂಡು ನಡೆಯೋಕಾಗಲ್ಲ, ಮೇಲೆ ಯಾರಾದ್ರೂ ಎರಡು ಸಾಲು ಸೇರಿಸಿದ್ರೆ ನಾನು ಪಕ್ಕದ ಮನೆಗೆ ಹೋಗಿರ್ತೀನಿ," ಎಂದಿದ್ದ. ಆಗ ಅವಳು ನಾಲ್ಕನೆಯ ಕಾಲಂ ಸೇರಿಸಿದಳು: ಆ ಹೆಸರು ಯಾವ ತಲೆಬರಹದ ಕೆಳಗಿದೆ ಎಂಬುದು. ಅಲ್ಲಿಂದ ಮುಂದೆ ಸಾಲುಗಳು ಎಷ್ಟೇ ಸರಿದಾಡಿದರೂ ಜಿಗಿತ ತಪ್ಪುತ್ತಿರಲಿಲ್ಲ.

ಈಗ ತೆರೆದ ಫೈಲಿನಲ್ಲಿ ನಾಲ್ಕನೆಯ ಕಾಲಂ ಇರಲಿಲ್ಲ.

ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಈಚೆಗೆ ಕಂಪನಿ ಕೊಂಡ ಹೊಸ ಟೂಲು ದಿನಾ ಸಂಜೆ ಎಲ್ಲರ ಕಂಪ್ಯೂಟರಿನಲ್ಲೂ ತಾನಾಗಿ ಓಡಿ ಸೂಚಿ ಬರೆಯುತ್ತಿತ್ತು. ಹಳೆಯದಿದ್ದ ಜಾಗದಲ್ಲೇ, ಹಳೆಯ ಹೆಸರಿನಲ್ಲೇ, ಹಳೆಯದನ್ನು ಅಳಿಸಿ. ಕೊಳ್ಳುವಾಗ ಅವಳು ನಾಲ್ಕನೆಯ ಕಾಲಮ್ಮಿನ ಬಗ್ಗೆ ಕೇಳಿದ್ದಳು. "ಪೂರ್ತಿ ಹೊಂದಾಣಿಕೆ ಇದೆ ಮೇಡಂ, ಅದೇ ಫೈಲು, ಅದೇ ಹೆಸರು," ಎಂದಿದ್ದ ಮಾರಲು ಬಂದವನು. "ಎಕ್ಸ್‌ಟ್ರಾ ಎಲ್ಲ ಆಮೇಲೆ ನೋಡೋಣ," ಎಂದಿದ್ದರು ಮುಖ್ಯಸ್ಥರು. ನಾಲ್ಕನೆಯದು ಕಾಣದಿದ್ದಾಗ ತಮ್ಮನ ಎಡಿಟರು, ಅಂದರೆ ಕೋಡು ಬರೆಯುವ ತಂತ್ರಾಂಶ, ಸದ್ದಿಲ್ಲದೆ ಮೂರನೆಯದನ್ನು ನಂಬಿತ್ತು. ಸೂಚಿ ಹಿಂದಿನ ಸಂಜೆಯದು; ಆ ದಿನ ಬೆಳಗ್ಗೆಯೇ ಯಾರೋ ಹೊಸ ಬಗೆಯ ಲಿಫ್ಟೊಂದರ ಸಾಲುಗಳನ್ನು ಫೈಲಿನ ಮೇಲ್ಭಾಗಕ್ಕೆ ಸೇರಿಸಿದ್ದರು. ಎಲ್ಲ ಲಿಫ್ಟುಗಳಿಗೂ ಅಷ್ಟಷ್ಟೇ ಸಾಲು, ಅದೇ ಹೆಸರು, ಅದೇ ಕ್ರಮ. ಇಡೀ ಫೈಲು ಒಂದು ಲಿಫ್ಟಿನಷ್ಟು ಕೆಳಕ್ಕೆ ಸರಿದು, ಸಾಮಾನ್ಯ ಲಿಫ್ಟಿನ ಕಾಯುವ ಸಮಯ ಇದ್ದ ಸಂಖ್ಯೆಯಲ್ಲಿ ಈಗ ಮಂಚದ ಲಿಫ್ಟಿನ ಕಾಯುವ ಸಮಯ ಕೂತಿತ್ತು. ಅಕ್ಷರಕ್ಕೆ ಅಕ್ಷರ ಅದೇ ಸಾಲು.

"ಇದನ್ನ ನಿನ್ನ ತಲೆಗೆ ಕಟ್ಟಿದ್ದಾರೆ," ಎಂದಳು. ಎದ್ದು ನಿಂತಳು. "ಈಗಲೇ ಹೋಗ್ತೀನಿ."

"ಕೂತ್ಕೋ." ಅವನು ಅಂದಾಜಿನಲ್ಲಿ ಕೈ ಚಾಚಿ ಅವಳ ತೋಳು ಹಿಡಿದ. "ನೀನು ಈಗ ಹೋದ್ರೆ ಅಕ್ಕ ಹೋದ ಹಾಗೆ. ಅವರು ನೀರು ಕೊಟ್ಟು ಸಮಾಧಾನ ಮಾಡಿ ಕಳಿಸ್ತಾರೆ. ಕೋಡು ತಗೊಂಡು ಹೋಗು. ನನ್ನನ್ನೂ ಕರ್ಕೊಂಡು ಹೋಗು."

ಮಧ್ಯಾಹ್ನ ಮೂವರು ಮುಖ್ಯಸ್ಥರ ಕೋಣೆಯಲ್ಲಿ ಸೇರಿದರು. ಅಕ್ಕ, ತಮ್ಮ, ಮತ್ತು ಮಂಚ ತಳ್ಳಿದ್ದ ಗೋಪುರದ ಮೇಲ್ವಿಚಾರಕ. ಅವಳು ಆ ದಿನದ ಕೋಡನ್ನೂ ಆ ದಿನದ ಸೂಚಿಯನ್ನೂ ಮುಖ್ಯಸ್ಥರ ಕಂಪ್ಯೂಟರಿಗೇ ಹಾಕಿದ್ದಳು. ವಾದ ಮಾಡಲಿಲ್ಲ.

"ಸಾಮಾನ್ಯ ಲಿಫ್ಟಿನ ಕಾಯುವ ಸಮಯಕ್ಕೆ ಹೋಗಿ, ಸಾರ್. ನಿಮ್ಮ ಕೈಯಾರೆ."

ಮುಖ್ಯಸ್ಥರು ಹೆಸರು ಬರೆದು ಒತ್ತಿದರು. ಮರುಕ್ಷಣವೇ, "ಬಂತಲ್ಲ, ನೋಡಿ. ಸಾಮಾನ್ಯ ಲಿಫ್ಟು, ಕಾಯುವ ಸಮಯ. ಟೂಲಿಗೆ ಏನಾಗಿದೆ?" ಎಂದರು.

ಅವಳು ಪರದೆ ನೋಡಿದಳು. ಅವರು ಸರಿಯಾದ ಜಾಗದಲ್ಲೇ ಇದ್ದರು.

"ಇನ್ನೊಂದು ಸಲ ಮಾಡ್ತೀರಾ ಸಾರ್?" ಎಂದ ರೈಲು. "ಫ್ಯಾನ್ ಆರಿಸಿ, ಸ್ವಲ್ಪ."

ಮೇಲ್ವಿಚಾರಕ ಎದ್ದು ಫ್ಯಾನ್ ಆರಿಸಿದ. ಮುಖ್ಯಸ್ಥರು ನಕ್ಕು ಮತ್ತೆ ಮೊದಲಿಂದ ಹೆಸರು ಬರೆದು ಒತ್ತಿದರು. ನಿಶ್ಶಬ್ದವಾದ ಕೋಣೆಯಲ್ಲಿ ಕೀಲಿಯ ಟಪ್ ಎಂಬ ಸದ್ದಾಯಿತು. ಅದರ ಬೆನ್ನಿಗೇ, ಉಗುರಿನಿಂದ ಬಾಚಣಿಗೆ ಗೀರಿದಂಥ ಸಣ್ಣ ಸದ್ದು, ಕಿರ್‌ಕಿರ್.

"ಅದು ಮೌಸಿನ ಚಕ್ರ," ಎಂದ ರೈಲು. "ಸೂಚಿ ನಿಮ್ಮನ್ನ ಮಂಚದ ಲಿಫ್ಟಿಗೆ ಕರ್ಕೊಂಡು ಹೋಯ್ತು ಸಾರ್. ಅಲ್ಲಿಂದ ನೀವೇ ಕೆಳಗಿಳಿದು ಬಂದ್ರಿ."

ಮುಖ್ಯಸ್ಥರು ತಮ್ಮ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ಅಷ್ಟೇನಾ? ಕಣ್ಣಿಗೆ ಬಿತ್ತು, ಸರಿಮಾಡ್ಕೊಂಡೆ."

"ನಾನೂ ನೋಡ್ದೆ ಸಾರ್. ನೀವು ಉರುಳಿಸಿದ್ರಿ," ಎಂದ ಮೇಲ್ವಿಚಾರಕ.

"ಟೂಲು ಮಾಡಿದ ತಪ್ಪನ್ನ ದಿನಾ ಎಲ್ಲರ ಕಣ್ಣೂ ತಿದ್ದುತ್ತಿದೆ," ಎಂದಳು ಅವಳು. "ತಿದ್ದುತ್ತಿದೀವಿ ಅಂತ ಅವರಿಗೇ ಗೊತ್ತಿಲ್ಲ. ಇವನು ಒಬ್ಬನೇ ಟೂಲನ್ನ ನಂಬಿದವನು. ಅದು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ. ಅದಕ್ಕೆ ಇದರಲ್ಲಿ ಮಾನವ ದೋಷ ಅಂತ ಬರೆದಿದೀರ. ನಾನು ಸಹಿ ಮಾಡಲ್ಲ ಸಾರ್. ಇವನು ಯಾರೋ ದಾರಿಹೋಕ ಆಗಿದ್ರೂ ಮಾಡ್ತಿರಲಿಲ್ಲ."

ಮುಖ್ಯಸ್ಥರು ಕಂಬಿಯನ್ನು ಒಂದು ಬದಿಗೆ ಸರಿಸಿದರು, ಮತ್ತೆ ಮೊದಲಿನ ಜಾಗಕ್ಕೇ ತಂದರು. ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು ಶಿಫಾರಸಿನ ಮೇಲೆ ಗೀಟು ಎಳೆದರು. 'ಮಾನವ ದೋಷ' ಎಂಬಲ್ಲಿ ಪೆನ್ನು ತುಸು ಹೊತ್ತು ನಿಂತಿತು. ಅದನ್ನು ಹೊಡೆದು 'ತಾಂತ್ರಿಕ ಕಾರಣ' ಎಂದು ಬರೆದರು.

"ಹೊಸ ಟೂಲು ಬಿಡೋಕಾಗಲ್ಲ. ಒಪ್ಪಂದ ಆಗಿಹೋಗಿದೆ," ಎಂದರು. "ಆ ನಾಲ್ಕನೇದು ಇದೆಯಲ್ಲ, ಅದನ್ನ ಇದಕ್ಕೂ ಸೇರಿಸಿಕೊಡಿ. ಬಿಡುವಾದಾಗ."

"ಬಿಡುವು ಯಾವ ಕಾಲಮ್ಮಲ್ಲಿದೆ ಸಾರ್?" ಎಂದ ರೈಲು. ಮೇಲ್ವಿಚಾರಕನೊಬ್ಬನೇ ನಕ್ಕ.

"ಆಗೋವರೆಗೆ," ಮುಖ್ಯಸ್ಥರು ಅವನತ್ತ ತಿರುಗಿ ಎಂದಿನ ಮೃದು ದನಿಯಲ್ಲಿ ಹೇಳಿದರು, "ಪ್ರತಿ ಸಲ ಪಕ್ಕದವರನ್ನ ಒಂದು ಮಾತು ಕೇಳ್ಕೊಂಡುಬಿಡಪ್ಪ. ಯಾರೂ ಬೇಡ ಅನ್ನಲ್ಲ."

ತಮ್ಮನ ದವಡೆ ಬಿಗಿಯಾದದ್ದು ಅವಳಿಗೆ ಕಂಡಿತು. ಅವಳು, "ಅಗತ್ಯ ಇಲ್ಲ ಸಾರ್. ಇವತ್ತೇ ಶುರು ಮಾಡ್ತೀನಿ," ಎಂದಳು.

ಹಾಲಿಗೆ ಮರಳುವಾಗ ಅವನು ಅವಳ ಮೊಣಕೈ ಹಿಡಿದಿದ್ದ. ಬಾಗಿಲ ಬಳಿ ನಿಂತ.

"ಕೇಳಿಸ್ತಾ?"

ಮೊದಲು ಅವಳಿಗೆ ಎ.ಸಿ.ಯ ಗುಂಯ್ ಮಾತ್ರ ಕೇಳಿಸಿತು. ಆಮೇಲೆ ಅದರಡಿಯಿಂದ ಒಂದೊಂದಾಗಿ ಮೇಲೆ ಬಂದವು: ಎಡಗಡೆ ಕಿರ್, ಕಂಬದ ಆಚೆ ಕಿರ್‌ಕಿರ್, ಹಿಂದಿನ ಸಾಲಿನಲ್ಲಿ ಉದ್ದಕ್ಕೆ ಎಳೆದಂತೆ ಒಂದು. ಕತ್ತು ಬಗ್ಗಿಸಿ ಕೂತಿದ್ದ ಯಾರೂ ತಲೆ ಎತ್ತಲಿಲ್ಲ.

"ಬೆಳಗ್ಗಿಂದ ಸಂಜೆವರೆಗೂ ಹೀಗೇ," ಎಂದ ಅವನು. "ನಾನು ಎಲ್ರೂ ಏನೋ ಓದ್ತಿದಾರೆ ಅಂದ್ಕೊಂಡಿದ್ದೆ."

ಅವನನ್ನು ಮೂಲೆಗೆ ಬಿಟ್ಟು ಅವಳು ತನ್ನ ಜಾಗಕ್ಕೆ ಬಂದಳು. ಹೊಸ ಟೂಲಿನ ಕೋಡನ್ನು ತೆರೆದು, ಕಾಲಂ ಬರೆಯುವ ಭಾಗ ಎಲ್ಲಿದೆಯೆಂದು ಅದರ ಸೂಚಿಯನ್ನೇ ಕೇಳಿದಳು. ಪರದೆ ಜಿಗಿಯಿತು. ಕಿರ್ ಎಂದಿತು. ಅವಳು ಕೆಳಗೆ ನೋಡಿದಳು. ತೋರುಬೆರಳು ಆಗಲೇ ಚಕ್ರದ ಮೇಲಿತ್ತು. ಅದನ್ನು ಎತ್ತಿ, ಮೌಸನ್ನು ಮೇಜಿನ ತುದಿಗೆ, ಕೈಗೆ ಎಟುಕದಷ್ಟು ದೂರ ಸರಿಸಿ, ಮತ್ತೆ ಮೊದಲಿಂದ ಹೆಸರು ಬರೆದಳು.