ಬುಧವಾರದ ಚಹಾ

ನನಗೊಂದು ಕೆಟ್ಟ ಅಭ್ಯಾಸವಿತ್ತು. ಅಕ್ಕನಿಗೆ ಚಹಾ ಸಾಕೋ ಇನ್ನೂ ಬೇಕೋ ಎಂಬುದನ್ನು ನಾನೇ ತೀರ್ಮಾನಿಸುತ್ತಿದ್ದೆ.

ನಮ್ಮ ಇಸ್ತಾನ್‌ಬುಲ್‌ನಲ್ಲಿ ಯಾರ ಮನೆಗೆ ಹೋದರೂ ಲೋಟ ಖಾಲಿಯಾದ ಹಾಗೆ ತುಂಬಿಸುತ್ತಾರೆ. 'ಸಾಕು' ಎಂದರೆ ಯಾರೂ ಕೇಳುವುದಿಲ್ಲ. ನಾಚಿಕೆಗೆ ಹೇಳಿದ್ದಾರೆ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ನಿಜವಾಗಿ ಸಾಕಾಗಿದ್ದರೆ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡಬೇಕು. ಅದಕ್ಕೆ ಮರುಮಾತಿಲ್ಲ. ಅಕ್ಕ ಸುಹೈಲಾಳಿಗೆ ಎರಡು ಲೋಟ ದಾಟಿದರೆ ಎದೆ ಡವಡವ ಎನ್ನುತ್ತದೆ, ನಿದ್ದೆ ಬರುವುದಿಲ್ಲ. ಅವಳಿಗೆ ನಿದ್ದೆ ಇಲ್ಲದಿದ್ದರೆ ನನಗೂ ಇಲ್ಲ. ಹಾಗಾಗಿ ಎರಡನೆಯದು ಮುಗಿಯುವುದೇ ತಡ, ನಾನೇ ಕೈ ಚಾಚಿ ಅವಳ ಚಮಚವನ್ನು ಅವಳ ಲೋಟದ ಮೇಲೆ ಅಡ್ಡ ಇಟ್ಟುಬಿಡುತ್ತಿದ್ದೆ.

"ನೋಡಿ, ನನ್ನ ಬಾಯಿಗೆ ಬೀಗ ಹಾಕೋಳು ಇವಳು" ಎಂದು ಅಕ್ಕ ನಗುತ್ತಿದ್ದಳು. ಆರು ವರ್ಷ ಚಿಕ್ಕವಳಾದರೂ ಮನೆಯ ಯಜಮಾನಿಕೆ ನನ್ನದೇ ಆಗಿತ್ತು.

ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು. ಅವಳಿಗೆ ಮದುವೆಯಾಗಲಿಲ್ಲ, ಮೊದಲು ಅಮ್ಮನ ಕಾಯಿಲೆ ಅಡ್ಡ ಬಂತು, ಆಮೇಲೆ ವಯಸ್ಸು. ನಾನು ಮದುವೆಯಾಗಿ, ಹನ್ನೊಂದು ವರ್ಷ ಜಗಳವಾಡಿ, ಬಿಟ್ಟು ಬಂದವಳು. ಬೆಶಿಕ್ತಾಶ್‌ನ ಏರುಬೀದಿಯಲ್ಲಿ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಇಬ್ಬರೂ ಒಗ್ಗಿಕೊಂಡೆವು. ನಿವೃತ್ತಿಯಾದ ಮೇಲೆ ಬುಧವಾರವೇ ನಮ್ಮ ಹಬ್ಬ. ಹನ್ನೊಂದು ಗಂಟೆಯ ಹಡಗಿಗೆ ಇಳಿಯುವುದು, ಕಟ್ಟೆಯ ಹತ್ತಿರ ಎಳ್ಳು ಮೆತ್ತಿದ, ಬಳೆಯ ಹಾಗಿರುವ ಸಿಮಿತ್ ರೊಟ್ಟಿ ಎರಡು ಕೊಳ್ಳುವುದು, ಹಡಗಿನ ಮೇಲಿನ ಅಟ್ಟದಲ್ಲಿ ಗಾಳಿಗೆ ಮುಖವೊಡ್ಡಿ ಕೂತು ಒಂದನ್ನು ತಿನ್ನುವುದು, ಇನ್ನೊಂದನ್ನು ಚೂರು ಮಾಡಿ ಕಡಲಹಕ್ಕಿಗಳಿಗೆ ಎಸೆಯುವುದು. ಆಚೆ ದಡದ ಕಡಿಕೊಯ್ ಪೇಟೆಯಲ್ಲಿ ಉಪ್ಪಿನಕಾಯಿ ಅಂಗಡಿಯಲ್ಲಿ ತರಕಾರಿ ನೆನೆಸಿದ ಹುಳಿಹುಳಿ ಕೆಂಪು ನೀರು ಒಂದೊಂದು ಲೋಟ ಕುಡಿಯುವುದು. ಆಮೇಲೆ ಟೋಪಿ ಅಂಗಡಿ. ಅಲ್ಲಿ ನಾವು ಇಪ್ಪತ್ತು ಟೋಪಿ ಹಾಕಿ ನೋಡಿ ಒಂದನ್ನೂ ಕೊಳ್ಳದೆ ಬರುತ್ತಿದ್ದೆವು. ಅಂಗಡಿಯವನು "ಬನ್ನಿ ಅಮ್ಮಾವ್ರೇ, ಇವತ್ತು ಯಾವುದು ಬೇಡ?" ಎಂದೇ ಸ್ವಾಗತಿಸುತ್ತಿದ್ದ. ಕೊನೆಗೆ ಸಮುದ್ರದ ಮೇಲಿನ ದಿಬ್ಬದಲ್ಲಿ, ಮರಗಳ ಕೆಳಗೆ ಮೇಜು ಹಾಕಿದ ಚಹಾದಂಗಡಿ. ಅಷ್ಟರಲ್ಲೇ ನಮಗೆ ವಾರ ತುಂಬುತ್ತಿತ್ತು.

ಮುನೀರ್ ಅವರು ಸಿಕ್ಕಿದ್ದು ಹಡಗಿನ ಮೇಲೆಯೇ. ಒಂದು ಹಕ್ಕಿ ಅಕ್ಕನ ಕೈಯಿಂದ ಇಡೀ ಸಿಮಿತ್ ಕಿತ್ತುಕೊಂಡು ಹೋದಾಗ ಪಕ್ಕದಲ್ಲಿದ್ದವರು ತಮ್ಮದರಲ್ಲಿ ಅರ್ಧ ಮುರಿದು ಕೊಟ್ಟರು. ಎತ್ತರದ ಆಳು, ಕೈಬೆರಳಿನ ಸಂದಿಯಲ್ಲಿ ತೊಳೆದರೂ ಹೋಗದ ಎಣ್ಣೆಯ ಕಪ್ಪು.

"ಮೂವತ್ತೊಂದು ವರ್ಷ ಇದೇ ಹಡಗುಗಳ ಹೊಟ್ಟೆಯೊಳಗೆ ಎಂಜಿನ್ ನೋಡ್ಕೊಂಡಿದ್ದೆ" ಎಂದರು. "ದಿನಕ್ಕೆ ಹತ್ತು ಸಲ ಸಮುದ್ರ ದಾಟ್ತಿದ್ದೆ, ಒಂದು ಸಲಾನೂ ನೋಡಿರಲಿಲ್ಲ. ಈಗ ಮೇಲೆ ಕೂತು ನೋಡ್ತಿದ್ದೀನಿ."

"ಹೇಗಿದೆ?" ಅಕ್ಕ ಕೇಳಿದಳು.

"ಕೆಳಗೆ ಇಷ್ಟು ಗಲಾಟೆ ಇರಲಿಲ್ಲ."

ಅಕ್ಕ ಬಿದ್ದು ಬಿದ್ದು ನಕ್ಕಳು. ಅಷ್ಟೇನೂ ನಗುವಂಥ ಮಾತಾಗಿರಲಿಲ್ಲ ಎಂದು ನನಗೆ ಅನ್ನಿಸಿತ್ತು.

ಆ ವಸಂತವೆಲ್ಲ ಬುಧವಾರ ಮೂವರದಾಯಿತು. ಮುನೀರ್ ಹೆಂಡತಿ ಸತ್ತು ಒಂಬತ್ತು ವರ್ಷವಾಗಿದ್ದ ಮನುಷ್ಯ. ಹೆಂಗಸರು ಕೂರುವ ತನಕ ಕೂರುತ್ತಿರಲಿಲ್ಲ, ತಾವೇ ಚಹಾ ಬಗ್ಗಿಸುತ್ತಿದ್ದರು, ಟೋಪಿ ಅಂಗಡಿಯ ಹೊರಗೆ ಅರ್ಧ ಗಂಟೆ ಬೇಸರವಿಲ್ಲದೆ ನಿಲ್ಲುತ್ತಿದ್ದರು. ಫೋನ್ ನಂಬರನ್ನು ಇವಳೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ಬುಧವಾರ ಇದ್ದೇ ಇದೆಯಲ್ಲ ಎಂಬ ಧೈರ್ಯ. ಅವರಲ್ಲಿ ಕೊರತೆ ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಅಕ್ಕ ಹಸಿರು ಕೋಟು ಹೊಲಿದುಕೊಂಡಳು, ತುಟಿಗೆ ಬಣ್ಣ ಹಚ್ಚತೊಡಗಿದಳು.

"ಅಕ್ಕ, ಇವತ್ತು ಬಣ್ಣ ಜಾಸ್ತಿ ಆಯ್ತು. ಹಕ್ಕಿಗಳು ಗಾಬರಿ ಆಗ್ತಾವೆ" ಎಂದೆ ಒಂದು ದಿನ.

"ಹಕ್ಕಿಗಳಿಗೋಸ್ಕರ ಹಚ್ಕೊಂಡಿಲ್ಲ ಕಣೇ ಪೆರಿ" ಎಂದು ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕಳು.

ಜೂನ್ ಮೊದಲ ವಾರ ಒಣಗಿದ ಬಟ್ಟೆ ಮಡಿಸುತ್ತಾ ಹೇಳಿದಳು. "ಅವರು ಕೇಳಿದ್ರು."

"ಏನಂತ?"

"ಏನಂತ ಅಂದ್ರೆ? ಗುಂಡಿ ಹಾಕಿಕೊಡಿ ಅಂತ ಕೇಳ್ತಾರಾ?" ಅವಳ ಕಿವಿ ಕೆಂಪಾಗಿತ್ತು. "ಬುಧವಾರ ಹೇಳ್ತೀನಿ ಅಂದಿದ್ದೀನಿ. ಹೂಂ ಅನ್ನೋಣ ಅಂತ ಇದ್ದೀನಿ. ನೀನೇನಂತೀಯ?"

"ನಿನ್ನಿಷ್ಟ" ಎಂದೆ. ಬೇರೆ ಏನು ಹೇಳಲಿ? ಅರವತ್ತೊಂದರಲ್ಲಿ ಅವಳಿಗೆ ಮದುವೆ, ಐವತ್ತೈದರಲ್ಲಿ ನನಗೆ ಒಂಟಿ ಮನೆ. ಸಂತೋಷಪಡಬೇಕೆಂದು ಗೊತ್ತಿತ್ತು. ಆಗಲಿಲ್ಲ. ಭಯವೇ ಆಯಿತು, ಅದರ ಹಿಂದೆಯೇ ಹೊಟ್ಟೆಕಿಚ್ಚು.

ಆ ಬುಧವಾರ ಮುನೀರ್ ಇಸ್ತ್ರಿ ಮಾಡಿದ ಕೋಟು ಹಾಕಿ ಬಂದಿದ್ದರು. ಚಹಾದಂಗಡಿಯಲ್ಲಿ ಲೋಟದ ಲೆಕ್ಕ ಬೇಡವೆಂದು ಚಹಾದ ಹಿತ್ತಾಳೆ ಹಂಡೆಯನ್ನೇ, ಇಡೀ ಸಮಾವರ್ ಅನ್ನೇ, ತರಿಸಿ ಮೇಜಿನ ಮೇಲೆ ಇಡಿಸಿದರು. ಅಲ್ಲಿಯ ತನಕ ಅವರ ಜೊತೆ ಎರಡೆರಡು ಲೋಟಕ್ಕೇ ಎದ್ದುಬಿಡುತ್ತಿದ್ದೆವು, ನನ್ನ ಚಮಚದ ಅಭ್ಯಾಸ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲ ಲೋಟ ಹವೆಯ ಮಾತಿನಲ್ಲಿ ಮುಗಿಯಿತು, ಎರಡನೆಯದು ಟೋಪಿಯ ಮಾತಿನಲ್ಲಿ.

"ಸುಹೈಲಾ ಅವರೇ," ಎಂದರು ಮುನೀರ್, "ನಮ್ಮ ವಯಸ್ಸಿಗೆ ಬಾಯಿಬಿಟ್ಟು ಹೇಳೋದು ಕಷ್ಟ ಅಂತ ನನಗೂ ಗೊತ್ತು. ಅವಸರ ಇಲ್ಲ. ಇದು ಆರಿಹೋಗಿದೆ, ಬಿಸಿನೀರು ತರ್ತೀನಿ. ಇನ್ನೊಂದೊಂದು ಲೋಟ ಕುಡಿಯೋಣ." ಪರಿಚಾರಕನನ್ನು ಕರೆಯದೆ ತಾವೇ ಎದ್ದು ಒಳಗೆ ಹೋದರು.

ಅಕ್ಕ ನನ್ನ ಕೈ ಹಿಡಿದಳು. "ಮುಖ ತೊಳ್ಕೊಂಡು ಬರ್ತೀನಿ. ಬಂದು ಹೇಳಿಬಿಡ್ತೀನಿ" ಎಂದು ಮರಗಳ ಹಿಂದೆ ಹೋದಳು.

ನಾನೊಬ್ಬಳೇ ಕೂತಿದ್ದೆ. ಅವಳ ಲೋಟ ಖಾಲಿ, ಎರಡನೆಯದು ಮುಗಿದಿದೆ. ಕೈ ತಾನಾಗಿ ಹೋಯಿತು. ಚಮಚವನ್ನು ಅವಳ ಲೋಟದ ಮೇಲೆ ಅಡ್ಡ ಇಟ್ಟೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಅವಳ ಎದೆಬಡಿತ ಬಿಟ್ಟರೆ ಬೇರೇನೂ ಇರಲಿಲ್ಲ. ನಂಬುವವರು ನಂಬಲಿ.

ಮುನೀರ್ ಬಿಸಿನೀರಿನ ಪಾತ್ರೆ ಹಿಡಿದು ಬಂದರು. ಖಾಲಿ ಕುರ್ಚಿ ನೋಡಿದರು, ಲೋಟ ನೋಡಿದರು. ಪಾತ್ರೆಯನ್ನು ನಿಧಾನಕ್ಕೆ ಕೆಳಗಿಟ್ಟರು. ನನಗೆ ಅರ್ಥವಾಗಿದ್ದು ಅವರ ಮುಖ ನೋಡಿದ ಮೇಲೆಯೇ.

"ಗೊತ್ತಾಯ್ತು" ಎಂದರು. "ಎದುರಿಗೆ ಹೇಳೋಕಾಗದೆ ಚಮಚ ಅಡ್ಡ ಇಟ್ಟು ಎದ್ದುಹೋಗಿದ್ದಾರೆ. ಅವರು ವಾಪಸ್ ಬರೋ ಹೊತ್ತಿಗೆ ನಾನಿಲ್ಲಿ ಇರಬಾರದು. ನನ್ನಿಂದ ಅವರಿಗೆ ಮುಜುಗರ ಬೇಡ."

'ಆ ಚಮಚ ಇಟ್ಟಿದ್ದು ನಾನು' ಎನ್ನಬೇಕಿತ್ತು. ನಾಲ್ಕೇ ಶಬ್ದ. ಬಾಯಿ ತೆರೆದೆ, ಅವರು ಕಾದರು ಕೂಡ. ನಾನು ಹೇಳಿದ್ದು "ಬಿಸಿಲು ಜೋರಾಗಿದೆ, ನೆರಳಲ್ಲಿ ಹೋಗಿ" ಎಂದು. ಅವರು ತಲೆಬಾಗಿಸಿ ಹೊರಟರು. ಗೇಟು ದಾಟುವ ತನಕ ನೋಡುತ್ತಿದ್ದೆ. ಆಮೇಲೆ ಚಮಚ ತೆಗೆದು ಅಕ್ಕನ ತಟ್ಟೆಯಲ್ಲಿ ಮೊದಲಿದ್ದ ಹಾಗೆಯೇ ಇಟ್ಟೆ. ಇಟ್ಟದ್ದು ಅಭ್ಯಾಸಬಲ ಎನ್ನಬಹುದು. ತೆಗೆದದ್ದಕ್ಕೆ ನನ್ನಲ್ಲಿ ಯಾವ ನೆಪವೂ ಇಲ್ಲ.

ಅಕ್ಕ ತುಟಿಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು ಬಂದಳು. "ಎಲ್ಲಿ ಅವರು?"

"ಹೋದ್ರು."

"ಹೋದ್ರು ಅಂದ್ರೆ? ಏನಂದ್ರು?"

"ಏನೂ ಅನ್ನಲಿಲ್ಲ."

ಅವಳು ಕೂತಳು. ಮನೆಗೆ ಮರಳುವ ಹಡಗನ್ನು ಹೋಗಲು ಬಿಟ್ಟೆವು, ಮುಂದಿನದನ್ನೂ ಬಿಟ್ಟೆವು. ಅವರು ಮರಳಿ ಬಂದಾರೆಂದು ಕಾದಳು. ಮುಂದಿನ ಬುಧವಾರ ಮುನೀರ್ ಹಡಗಿನಲ್ಲಿ ಇರಲಿಲ್ಲ, ಅದರ ಮುಂದಿನ ವಾರವೂ ಇರಲಿಲ್ಲ. ಜುಲೈ ಬರುವ ಹೊತ್ತಿಗೆ ಅಕ್ಕ ಅದನ್ನು ತಮಾಷೆ ಮಾಡಿಕೊಂಡಿದ್ದಳು. "ಪಾಪ, ಹತ್ತಿರದಿಂದ, ಹಗಲು ಬೆಳಕಲ್ಲಿ ಸರಿಯಾಗಿ ನೋಡಿರಬೇಕು. ಜೀವ ಉಳಿಸ್ಕೊಂಡು ಓಡಿಹೋಗಿದ್ದಾರೆ" ಎಂದು ನಕ್ಕಳು. ಹಸಿರು ಕೋಟನ್ನು ಕಟ್ಟಡದ ಕಾವಲುಗಾರನ ಹೆಂಡತಿಗೆ ಕೊಟ್ಟಳು. ಬಣ್ಣದ ಡಬ್ಬಿ ಎಲ್ಲಿ ಹೋಯಿತೋ ತಿಳಿಯದು.

ನನಗೆ ಬೇಕಾದದ್ದು ಸಿಕ್ಕಿತ್ತು: ಅಕ್ಕ ಮನೆಯಲ್ಲೇ ಉಳಿದಳು. ಬುಧವಾರಗಳೂ ನಡೆದವು, ಆರು ವರ್ಷ. ಆದರೆ ಅವಳು ಹಡಗಿನ ಒಳಗೆ ಕೂರತೊಡಗಿದಳು, ಗಾಳಿ ಆಗುವುದಿಲ್ಲವೆಂದು. ಟೋಪಿ ಅಂಗಡಿಯಲ್ಲಿ ಕನ್ನಡಿಗೆ ಬೆನ್ನು ಹಾಕಿ ನಿಂತು "ನೀನು ಹಾಕ್ಕೋ, ನನಗೇನು ಈಗ" ಎನ್ನುತ್ತಿದ್ದಳು. ಪ್ರತಿ ಸಲವೂ ಹೇಳಿಬಿಡಬೇಕೆಂದು ಗಂಟಲ ತನಕ ಬರುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಹೋದ ಮಾತಿಗೆ ಗಾದೆ ಮಾಡಿದವರು ಯಾರೂ ನನಗೆ ಸಿಕ್ಕಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ, ಅಕ್ಕನಿಗೆ ನೆಗಡಿಯಾಗಿ ನಾನೊಬ್ಬಳೇ ಔಷಧಿ ತರಲು ಹೋದಾಗ, ಅಂಗಡಿಯ ಬಾಗಿಲಲ್ಲಿ ಮುನೀರ್ ಸಿಕ್ಕಿದರು. ಕೋಲು ಹಿಡಿದಿದ್ದರು. ಸೋದರ ಸೊಸೆಯ ಮನೆ ಸೇರಿಕೊಂಡು ಇಜ್ಮಿರ್‌ನಲ್ಲಿದ್ದಾರಂತೆ, ಕಣ್ಣು ತೋರಿಸಲು ಬಂದವರು ಸಂಜೆಯ ಬಸ್ಸಿಗೆ ಹೊರಟಿದ್ದರು. ಮತ್ತೆ ಮದುವೆಯಾಗಿರಲಿಲ್ಲ.

"ಅಕ್ಕ ಚೆನ್ನಾಗಿದ್ದಾರಾ?" ಎಂದು ಕೇಳಿದರು. "ಅವರಿಗೊಂದು ಮಾತು ಹೇಳಿ. ಬೇಡ ಅನ್ನೋದನ್ನ ಅಷ್ಟು ನಯವಾಗಿ ಯಾರೂ ಹೇಳಲ್ಲ. ನನ್ನ ಮರ್ಯಾದೆ ಉಳಿಸಿದ್ರು. ನಾನು ಮರೆತಿಲ್ಲ."

ಆಗಲೂ ಆ ನಾಲ್ಕು ಶಬ್ದ ಹೊರಡಲಿಲ್ಲ. ನಂಬರ್ ಕೂಡ ಕೇಳಲಿಲ್ಲ. ಅವರು ಬೀದಿಯ ತಿರುವು ದಾಟಿದ ಮೇಲೆ ನೆನಪಾಯಿತು.

ಮನೆಗೆ ಬಂದವಳೇ, ಚಪ್ಪಲಿ ಕೂಡ ಬಿಡದೆ, ಅಕ್ಕನ ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಇಟ್ಟದ್ದು, ತೆಗೆದದ್ದು, ಅವರು ಅಂದದ್ದು, ನಾನು ಅನ್ನದೆ ಉಳಿದದ್ದು. ಅವಳು ಬಯ್ಯುತ್ತಾಳೆಂದು ಕಾದೆ. ಅಳುತ್ತಾಳೆಂದಾದರೂ ಕಾದೆ.

ಅವಳು ಹೊದಿಕೆ ಸರಿಸಿ ಎದ್ದು ಕೂತಳು. ಆಮೇಲೆ, "ಹಾಗಾದ್ರೆ ನನ್ನ ಮುಖ ನೋಡಿ ಎದ್ದುಹೋಗಿದ್ದಲ್ಲ" ಎಂದಳು.

"ಅಲ್ಲ ಅಕ್ಕ."

"ಆರು ವರ್ಷ ಪೆರಿ. ನಾನು ನನ್ನ ಮುಖ ನೋಡ್ಕೊಂಡು ಹೇಸಿಗೆ ಪಟ್ಟಿದ್ದೀನಿ. ನೀನು ಪಕ್ಕದಲ್ಲೇ ಕೂತಿದ್ದೆ."

ಔಷಧಿ ಕೊಟ್ಟೆ, ಕುಡಿದಳು.

ಮುಂದಿನ ಬುಧವಾರ ಹತ್ತೂವರೆಗೆ ನಾನು ನೀಟಾಗಿ ತಲೆ ಬಾಚಿ ಬಾಗಿಲ ಬಳಿ ಬಂದಾಗ ಅಕ್ಕ ಆಗಲೇ ಬೂಟು ಹಾಕಿಕೊಳ್ಳುತ್ತಿದ್ದಳು. ತುಟಿಗೆ ಬಣ್ಣ ಹಚ್ಚಿದ್ದಳು.

"ನೀನು ಬರಬೇಡ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಿಂದ ಹಾಲು ತರಬೇಡ ಎಂದ ಹಾಗಿತ್ತು.

ಅಂದಿನಿಂದ ಒಬ್ಬಳೇ ಹೋಗುತ್ತಾಳೆ. ಮನೆಯಲ್ಲಿ ಮಾತಿಗೇನೂ ಕೊರತೆಯಿಲ್ಲ. ಸೊಪ್ಪಿನ ಬೆಲೆ, ನಲ್ಲಿ ಸೋರುವುದು, ಎಲ್ಲ ಆಡುತ್ತೇವೆ. ಬುಧವಾರದ್ದು ಮಾತ್ರ ಇಲ್ಲ. ಕಳೆದ ವಾರ ಸಂಜೆ ಮೆಟ್ಟಿಲಿನಲ್ಲಿ ಅವಳ ದನಿ ಕೇಳಿಸಿತು. ಎದುರುಮನೆಯ ನೆಬಾಹತ್‌ಗೆ ಹೇಳುತ್ತಿದ್ದಳು: ಹಡಗಿನ ಮೇಲಿನ ಅಟ್ಟದಲ್ಲಿ ಗಾಳಿ ಹೇಗಿತ್ತೆಂದರೆ ಒಬ್ಬ ಮುದುಕನ ಪತ್ರಿಕೆ ಹಾರಿ ಇನ್ನೊಬ್ಬ ಮುದುಕನ ಮುಖಕ್ಕೆ ಅಂಟಿಕೊಂಡಿತಂತೆ, ಅವನು ಅದನ್ನು ಬಿಡಿಸದೆ ಹಾಗೇ ಓದತೊಡಗಿದನಂತೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಬಾಗಿಲ ಹಿಂದೆ ನಿಂತು ಕೊನೆಯ ತನಕ ಕೇಳಿಸಿಕೊಂಡೆ. ಬೀಗದಲ್ಲಿ ಕೀಲಿ ತಿರುಗಿದಾಗ ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದವಳ ಹಾಗೆ ನಿಂತೆ.

"ಹೇಗಿತ್ತು ಅಕ್ಕ?" ಎಂದೆ.

"ಚೆನ್ನಾಗಿತ್ತು" ಎಂದು ತನ್ನ ಕೋಣೆಗೆ ಹೋದಳು.