ಪೂಜೆಯಾದ ಕಂಪ್ಯೂಟರ್

ಹಾಸನದ ಆ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಹಂಸಳಿಗೆ ನಾಲ್ಕು ವರ್ಷವಾಗಿತ್ತು. ಕಾಗದದ ಮೇಲೆ ಟೈಪಿಸ್ಟ್, ಅದೂ ಟೆಂಪರರಿ. ಆದರೆ ಎರಡು ಸಾವಿರದ ಆರನೇ ಇಸವಿಯಲ್ಲಿ ಆ ಕಟ್ಟಡದಲ್ಲಿ ವೈರಸ್ ಹಿಡಿಯುವವಳು, ಪಾಸ್‌ವರ್ಡ್ ಕಾಯುವವಳು, ಅಂಕಪಟ್ಟಿಯನ್ನು ದಿನಾ ಸಂಜೆ ಸಿ.ಡಿ.ಗೆ ಇಳಿಸಿ ಬೀರುವಿನಲ್ಲಿಡುವವಳು ಅವಳೊಬ್ಬಳೇ. ಯಾರೂ ಕಲಿಸಿದ್ದಲ್ಲ, ಹೊಳೆನರಸೀಪುರದ ಬಸ್ಸಿನಲ್ಲಿ ಓದಿ ಓದಿ ಕಲಿತದ್ದು.

ಅಜ್ಜಿ ಕಾವೇರಮ್ಮನ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತಿತ್ತು. “ಆ ಗಿಳೀನ ಕಾಯ್ತಿದ್ದೋರು ಯಾರಜ್ಜಿ?” ಎಂದು ಹಂಸ ಕೇಳಿದರೆ, “ಯಾರೋ ಇದ್ದರು ಕಣೆ, ಅವರ ಹೆಸರು ಕತೇಲಿ ಬರಲ್ಲ” ಅನ್ನುತ್ತಿದ್ದಳು ಅಜ್ಜಿ.

ದಸರಾ ಕಳೆಯಲಿ, ಕಾಯಂ ಮಾಡೋಣ ಎಂದು ಪ್ರಿನ್ಸಿಪಾಲ್ ಪಟ್ಟಾಭಿರಾಮ ಹಂಸಳಿಗೆ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಆಯುಧಪೂಜೆ ಬಂತು.

ಮ್ಯಾನೇಜರ್ ಪಂಚಾಕ್ಷರಯ್ಯ ಮಾನಿಟರಿಗೆ ವಿಭೂತಿ ಬಳಿದು, ಸೇವಂತಿಗೆ ಸುತ್ತಿ, ಕೀಬೋರ್ಡಿಗೆ ಕುಂಕುಮ ಚೆಲ್ಲಿದರು. ಪರದೆಯ ಮೇಲೆ ಅಂಕಪಟ್ಟಿ ತೆರೆದೇ ಇತ್ತು. ಲಾಕ್ ಮಾಡಲು ಹಂಸ ಕೈ ಚಾಚಿದಳು.

“ಮುಟ್‌ಬ್ಯಾಡ ಕಣಮ್ಮ. ಪೂಜೆ ಆಗೈತೆ. ವಿಸರ್ಜನೆ ಆಗೋಗಂಟ ಅಂಗೇ ಕಣ್ಣು ಬಿಟ್ಕಂಡಿರ್ಲಿ.”

“ಹುಡುಗರೆಲ್ಲ ಪುರಿ ತಗೊಳ್ಳೋಕೆ ಇಲ್ಲಿಗೇ ಬರ್ತಾರೆ ಸಾರ್. ಲಾಕ್ ಮಾಡ್ತೀನಿ ಅಷ್ಟೇ.”

“ದೇವರಿಗೇ ಬೀಗ ಹಾಕ್ತೀಯಾ? ಓಗು, ಕೋಸಂಬರಿ ಹಂಚೋಗು.”

ಹಂಸ ಕೋಸಂಬರಿ ಹಂಚಿದಳು. ಒಳಗೆ ದೇವರು ಕಣ್ಣು ಬಿಟ್ಟುಕೊಂಡೇ ಇತ್ತು.

ರಜೆ ಮುಗಿದ ದಿನ ಅಂಕಪಟ್ಟಿಯನ್ನು ತನ್ನ ಸಿ.ಡಿ.ಯೊಂದಿಗೆ ಹೋಲಿಸಿ ನೋಡಿದಳು. ನಪಾಸಾಗಿದ್ದ ಹನ್ನೊಂದು ಜನ ಪಾಸಾಗಿದ್ದರು. ಮಧ್ಯಾಹ್ನದೊಳಗೆ ಹನ್ನೊಂದನ್ನೂ ಸರಿಮಾಡಿ ವರದಿ ಕೊಟ್ಟಳು. ವಾರ ಕಳೆದು, ವಿಶ್ವವಿದ್ಯಾಲಯ ಕೇಳಿದ್ದ ಸಮಜಾಯಿಷಿ ಟೈಪ್ ಮಾಡಲು ಪಟ್ಟಾಭಿರಾಮ ಕರೆದರು.

“‘ಕಂಪ್ಯೂಟರ್ ಭದ್ರತೆಯಲ್ಲಿ ನುರಿತವರು ನಮ್ಮ ಜಿಲ್ಲೆಯಲ್ಲೇ ದೊರೆಯದ ಕಾರಣ ಈ ಲೋಪ ಉಂಟಾಗಿದೆ. ಬೆಂಗಳೂರಿನಿಂದ ತಜ್ಞರೊಬ್ಬರನ್ನು ನೇಮಿಸಿಕೊಳ್ಳುತ್ತಿದ್ದೇವೆ.’ ಆಯ್ತಾ? ಇದ್ದದ್ದು ಒಂದೇ ಪೋಸ್ಟು, ಅದನ್ನ ಅವರಿಗೇ ಕೊಡಬೇಕಾಯ್ತಮ್ಮ. ಬೇಜಾರು ಮಾಡ್ಕೋಬೇಡ. ಅವರು ಬಂದ್ಮೇಲೆ ನಮ್ಮ ಸಿಸ್ಟಮ್ಮೆಲ್ಲ ನೀನೇ ಕೂತು ಹೇಳಿಕೊಡು.”

“ತಜ್ಞರಿಗೆ ನಾನು ಹೇಳಿಕೊಡಬೇಕಾ ಸಾರ್?”

ಪಟ್ಟಾಭಿರಾಮ ಕನ್ನಡಕ ತೆಗೆದು ಒರೆಸತೊಡಗಿದರು.

“ಹನ್ನೊಂದು ತಪ್ಪು ಹಿಡಿದೋಳು ಯಾರು? ಲಾಕ್ ಮಾಡ್ತೀನಿ ಅಂದೋಳು ಯಾರು, ಬೇಡ ಅಂದೋರು ಯಾರು? ಅದನ್ನೂ ಟೈಪ್ ಮಾಡ್ಲಾ?”

“ಹಾಗೆಲ್ಲ ಬರೆದರೆ ಕಾಲೇಜಿನ ಮರ್ಯಾದೆ ಏನಾಗುತ್ತಮ್ಮ?”

ನಾಲ್ಕು ವರ್ಷ ಇವರ ಮರ್ಯಾದೆ ಕಾದವಳು ಈ ಜಿಲ್ಲೆಯಲ್ಲೇ ಹುಟ್ಟಿಲ್ಲವಂತೆ. ಆ ವಾಕ್ಯವನ್ನು ಅವಳು ಟೈಪ್ ಮಾಡಲಿಲ್ಲ. ಎದ್ದು ತನ್ನ ಮೇಜಿಗೆ ಬಂದು, ಪಾಸ್‌ವರ್ಡ್ ಬರೆದ ಚೀಟಿಯನ್ನು ಕವರಿನಲ್ಲಿಟ್ಟು ಅಂಟಿಸಿ, ಬೀರುವಿನ ಬೀಗದ ಕೈ ಸಮೇತ ಪಂಚಾಕ್ಷರಯ್ಯನವರಿಗೆ ಒಪ್ಪಿಸಿ ಸಹಿ ತೆಗೆದುಕೊಂಡಳು.

“ಹೊಸಬರು ಬಂದಾಗ ಅವರ ಕೈಗೇ ಕೊಡಿ ಸಾರ್. ಅಲ್ಲೀವರೆಗೆ ಒಡೀಬೇಡಿ.”

“ಆಯ್ತು ಬುಡಮ್ಮ, ನಂಗೊತ್ತಿಲ್ವಾ?”

ಚೀಲ ಹೆಗಲಿಗೇರಿಸಿ ಅವಳು ಬಾಗಿಲು ದಾಟಿರಲಿಲ್ಲ, ಹಿಂದೆ ಕವರು ಹರಿದ ಸದ್ದಾಯಿತು. ಪಂಚಾಕ್ಷರಯ್ಯ ಚೀಟಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತಿದ್ದರು.

“ಇದ್ಯಾವ ದೇವ್ರ ಹೆಸ್ರಮ್ಮ? ಬಾಯಿಗೇ ಬತ್ತಿಲ್ಲ. ಎಲ್ಲರಿಗೂ ಗ್ಯಾಪಕ ಇರೋವಂಥದ್ದು ಇಟ್ಟೋಗು.”

ಕಿಟಕಿಯಾಚೆ ಹಾಲ್ ಟಿಕೆಟ್ಟಿಗೆ ನಿಂತಿದ್ದ ಹುಡುಗರ ಸಾಲು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಯಾರೋ ಪೆನ್ನಿನ ಮುಚ್ಚಳ ತೆಗೆದರು.

ಹಂಸ ಹಿಂತಿರುಗಿ ನೋಡಲಿಲ್ಲ.